ಲಾಲ್‌ಬಾಗ್‌ನಲ್ಲಿ ಉಸಿರಾಟದ ಪಾಠ

ಊರು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಆಗಾಗ ಕೇಳಿ ಬರುವ ದೂರೊಂದಿದೆ. "ಊರಿನಲ್ಲಿದ್ದಾಗ ಏನೂ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಬೆಳಗಾದರೆ ಸೀನು, ಮೂಗು ಸೋರುವುದು, ಕಣ್ಣು ತುರಿಕೆ." ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಒಮ್ಮೆ ಲಾಲ್‌ಬಾಗ್‌ಗೆ ಕರೆದುಕೊಂಡು ಬನ್ನಿ. ಅಲರ್ಜಿ ಇರುವವರನ್ನು ಹೂದೋಟಕ್ಕೆ ಕರೆಯುವುದೇ ಎಂದು ಹುಬ್ಬೇರಿಸಬೇಡಿ.

1760ರಲ್ಲಿ ಹೈದರಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಹೊರದೇಶಗಳಿಂದಲೂ ಸಸಿಗಳನ್ನು ತರಿಸಿ ಬೆಳೆಸಿದ ತೋಟವಿದು. ಇಂದು ಸುಮಾರು 240 ಎಕರೆಯಷ್ಟು ಹರಡಿದೆ. ಇಲ್ಲಿನ ಗುಲಾಬಿ, ದಾಸವಾಳಗಳನ್ನು ಕಂಡು ನಾವು ಹೆದರುತ್ತೇವೆ. ಆದರೆ ಕಣ್ಸೆಳೆಯುವ ಹೂಗಳ ಪರಾಗ ಸಾಮಾನ್ಯವಾಗಿ ಭಾರವಾದುದು, ಅಂಟಂಟಾದುದು. ಅದು ದುಂಬಿ, ಜೇನುಗಳ ಮೈಗಂಟಿ ಸಾಗುತ್ತದೆಯೇ ಹೊರತು ಗಾಳಿಯಲ್ಲಿ ಹೆಚ್ಚು ಹಾರುವುದಿಲ್ಲ.

ಹಾಗಾದರೆ ಅಪರಾಧಿ ಯಾರು? ತೋಟದ ಹೊರಗೆ, ನಿಮ್ಮ ಬಡಾವಣೆಯ ಖಾಲಿ ನಿವೇಶನವನ್ನು ನೋಡಿ. ಸಣ್ಣ ಸಣ್ಣ ಬಿಳಿ ಹೂ ಬಿಟ್ಟು ನಿಂತಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ! ಅಮೆರಿಕ ಖಂಡದಿಂದ ಬಂದ ಈ ಕಳೆ 1950ರ ದಶಕದಿಂದೀಚೆಗೆ ನಮ್ಮ ದೇಶದಾದ್ಯಂತ ಹಬ್ಬಿತು. ಇದರ ಪರಾಗ ಮೂಗಿಗೆ ಶತ್ರು, ಗಿಡದ ಸ್ಪರ್ಶ ಹಲವರ ಚರ್ಮಕ್ಕೂ ಶತ್ರು. ಮಕ್ಕಳು ಬರಿಗೈಯಲ್ಲಿ ಕೀಳದಂತೆ ನೋಡಿಕೊಳ್ಳಿ. ಇದರ ಜೊತೆಗೆ ಹುಲ್ಲಿನ ಪರಾಗ, ಮನೆಯೊಳಗಿನ ಧೂಳೂ ಸೇರುತ್ತದೆ.

ಮೂಗು ಕಟ್ಟಿದ ಕೂಡಲೇ ನಾವು ಬಾಯಿ ತೆರೆದು ಉಸಿರಾಡುತ್ತೇವೆ. ತೊಂದರೆ ಬೆಳೆಯುವುದು ಇಲ್ಲಿಂದಲೇ. ಮೂಗು ಗಾಳಿಯನ್ನು ಸೋಸುತ್ತದೆ, ಬೆಚ್ಚಗಾಗಿಸುತ್ತದೆ, ತೇವಗೊಳಿಸುತ್ತದೆ. ಬಾಯಿಗೆ ಆ ಸಾಮರ್ಥ್ಯ ಅಷ್ಟಿಲ್ಲ. ಒಣಗಾಳಿ, ಧೂಳು ನೇರವಾಗಿ ಗಂಟಲಿಗಿಳಿದು ಕೆಮ್ಮು ಬರುತ್ತದೆ. ಕೆಮ್ಮಿನಿಂದ ಗಾಬರಿ, ಗಾಬರಿಯಿಂದ ಇನ್ನಷ್ಟು ಬಿರುಸಾದ ಉಸಿರು.

ಈಗ ಲಾಲ್‌ಬಾಗ್‌ನ ಕೆರೆಯ ಬಳಿ ನೆರಳಿನಲ್ಲಿ ಕುಳಿತುಕೊಳ್ಳಿ. ಭುಜಗಳನ್ನು ಸಡಿಲ ಬಿಡಿ, ಬಾಯಿ ಮುಚ್ಚಿ. ಮನದಲ್ಲೇ ಮೂರು ಎಣಿಸುತ್ತಾ ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಳ್ಳಿ. ಐದು ಎಣಿಸುತ್ತಾ ಹೊರಬಿಡಿ. ಪಕ್ಕದಲ್ಲಿ ಕುಳಿತವರಿಗೂ ಸದ್ದು ಕೇಳಿಸಬಾರದು. ಉಸಿರು ಹಿಡಿಯುವುದು, ರಭಸದಿಂದ ಸೆಳೆಯುವುದು ಬೇಡ. ಐದು ನಿಮಿಷ ಸಾಕು. ತಲೆ ಹಗುರಾಗಿ ಸುತ್ತುವಂತಾದರೆ ನಿಲ್ಲಿಸಿ.

ನಂತರ ಕೆಂಪೇಗೌಡ ಗೋಪುರವಿರುವ ಬಂಡೆಯತ್ತ ನಡೆಯಿರಿ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಬಂಡೆಯದು. ಬಾಯಿ ಮುಚ್ಚಿಕೊಂಡೇ ಏರಲು ಸಾಧ್ಯವಾಗುವಷ್ಟು ನಿಧಾನವಾಗಿ ಏರಿ. ಬಾಯಿ ತಾನಾಗಿ ತೆರೆದರೆ ನಡಿಗೆ ತಗ್ಗಿಸಿ. ನಿಮ್ಮ ವೇಗವನ್ನು ನಿಮ್ಮ ಮೂಗೇ ತೀರ್ಮಾನಿಸಲಿ. ಮನೆಯ ಮೆಟ್ಟಿಲು ಹತ್ತುವಾಗಲೂ ಅಡುಗೆ ಕೆಲಸದ ನಡುವೆಯೂ ಇದೇ ಅಭ್ಯಾಸ ಮುಂದುವರಿಸಬಹುದು.

ಧೂಳು ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಒಣ ಪೊರಕೆಗಿಂತ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊರಗಿನಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ವುಝೂವಿನಲ್ಲಿ ಮೂಗಿಗೆ ನೀರೆಳೆದು ಶುಚಿಗೊಳಿಸುವ ನಮಗೆ ಮೂಗಿನ ಸ್ವಚ್ಛತೆ ಹೊಸತಲ್ಲ. ಅವಸರದಲ್ಲಿ ಬೆರಳು ಒದ್ದೆ ಮಾಡಿ ಮುಗಿಸದೆ ಸಾವಧಾನವಾಗಿ ಮಾಡಿದರೆ ಅಂಟಿದ ಧೂಳೂ ಹೋಗುತ್ತದೆ.

ಆದರೆ ಒಂದು ಮಾತು ನೆನಪಿರಲಿ. ಇದು ಅಲರ್ಜಿಯನ್ನು ಗುಣಪಡಿಸುವ ಚಿಕಿತ್ಸೆಯಲ್ಲ, ಉಪಶಮನ ಮಾತ್ರ. ಎದೆಯಲ್ಲಿ ಸುಯ್ಯೆಂಬ ಸದ್ದು, ರಾತ್ರಿ ಬಿಡದ ಕೆಮ್ಮು ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಒಂದು ವಾಕ್ಯ ಪೂರ್ತಿ ಮಾತಾಡಲಾಗದಷ್ಟು ಉಬ್ಬಸ ಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಹುಡುಗಿಗೆ ಸಂಬಂಧ ಕೂಡಿ ಬರುವುದಿಲ್ಲವೆಂದು ಹೆದರಿ ಮಗಳ ಇನ್‌ಹೇಲರನ್ನು ಬಚ್ಚಿಡುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಇನ್‌ಹೇಲರ್ ಚಟವಲ್ಲ, ಕಳಂಕವೂ ಅಲ್ಲ. ಅದನ್ನು ತಡೆದರೆ ಅಪಾಯಕ್ಕೀಡಾಗುವುದು ಮಗಳ ಪ್ರಾಣ.

ಸೀನಿನ ಕಾಲ ಬರಲೆಂದು ಕಾಯಬೇಡಿ. ಮೂಗು ತೆರೆದಿರುವ ದಿನಗಳಲ್ಲೇ ಅಭ್ಯಾಸ ಆರಂಭಿಸಿ, ಮಕ್ಕಳಿಗೂ ಕಲಿಸಿ. ವೈದ್ಯರು ಕೊಟ್ಟ ಔಷಧಿಯೂ ಜೊತೆಗಿರಲಿ.