ಅನಧ್ಯಯನ

ಮೂವತ್ತಾರನೆಯ ವಯಸ್ಸಿನಲ್ಲಿ ಗೃಹಸ್ಥನಾದವನಿಗೆ ಹಿಡಿಯಬಾರದ ಹುಚ್ಚುಗಳಲ್ಲಿ ಗಿಟಾರೂ ಒಂದೆಂಬುದು ನನ್ನಾಕೆಯ ಅಭಿಪ್ರಾಯ. ಹಾಗೆಂದು ಅದನ್ನು ನಾನು ನನಗಾಗಿ ಕೊಂಡವನಲ್ಲ. ಹತ್ತು ವರ್ಷದ ಮಗ ಅತ್ತು ಕರೆದು ಕೊಡಿಸಿಕೊಂಡ. ಮೂರನೆಯ ತಿಂಗಳಿಗೆ ಬೇಸತ್ತು ಮೂಲೆಗೆ ಒರಗಿಸಿದ. ಅಷ್ಟು ಹಣ ತೆತ್ತು ತಂದ ವಾದ್ಯ ಧೂಳು ತಿನ್ನುವುದನ್ನು ನೋಡಲಾರದೆ ನಾನೊಂದು ಸಂಜೆ ಕೈಗೆತ್ತಿಕೊಂಡೆ. ಎತ್ತಿಕೊಂಡದ್ದನ್ನು ಕೆಳಗಿಡುವುದು ಆಗಲಿಲ್ಲ.

ಹಗಲು ಕಾಲೇಜಿನಲ್ಲಿ ಕೇಶಿರಾಜನ ಸೂತ್ರಗಳನ್ನು ಬಿಡಿಸಿ ಹೇಳುವ ನಾನು, ಬೆಳಗಿನ ಐದೂವರೆಗೆ ಎದ್ದು ಹಿತ್ತಲ ಕೋಣೆಯ ಬಾಗಿಲು ಮುಚ್ಚಿ ಕುಳಿತುಬಿಡುತ್ತಿದ್ದೆ. ನಮ್ಮ ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲುಗಳಿರುವಂತೆ ಈ ಆರು ತಂತಿಯ ವಾದ್ಯಕ್ಕೂ ಮೆಟ್ಟಿಲುಗಳುಂಟು. ಮೊದಲ ತಿಂಗಳಲ್ಲಿ ಎಡಗೈ ಬೆರಳ ತುದಿಗಳು ಉರಿದು ಕೆಂಪಾದವು; ಎರಡನೆಯ ತಿಂಗಳಲ್ಲಿ ಜಡ್ಡುಗಟ್ಟಿದವು. ಆ ಜಡ್ಡನ್ನು ನಾನು ಬಸ್ಸಿನಲ್ಲಿಯೂ ಹೆಬ್ಬೆರಳಿನಿಂದ ಸವರಿ ನೋಡಿಕೊಂಡು ಸಂತೋಷಪಡುತ್ತಿದ್ದೆನೆಂದರೆ ನನ್ನ ಅವಸ್ಥೆಯನ್ನು ವಾಚಕರು ಊಹಿಸಿಕೊಳ್ಳಬಹುದು.

ಕಷ್ಟ ಬಂದದ್ದು ‘ಎಫ್’ ಎಂಬ ಸ್ವರಮೇಳದಲ್ಲಿ. ತೋರುಬೆರಳನ್ನು ಮೊದಲ ಮೆಟ್ಟಿಲಿನಲ್ಲಿ ಆರು ತಂತಿಗಳ ಮೇಲೂ ಅಡ್ಡಲಾಗಿ ಮಲಗಿಸಿ ಒತ್ತಬೇಕು. ಒತ್ತಿದಂತೆಯೇ ಉಳಿದ ಮೂರು ಬೆರಳುಗಳನ್ನು ಬೇರೆ ಬೇರೆ ತಂತಿಗಳ ಮೇಲೆ ಊರಬೇಕು. ಒಂದು ತಂತಿ ನುಡಿದರೆ ಇನ್ನೊಂದು ಗೊಗ್ಗರು ದನಿ ತೆಗೆಯುತ್ತದೆ. ಛಲ ಹುಟ್ಟಿತು. ಬೆಳಗಿನ ಒಂದು ಗಂಟೆ ಸಾಲದೆ ರಾತ್ರಿ ಊಟದ ಮೇಲೂ ಒಂದು ಗಂಟೆ ಸೇರಿತು. ಭಾನುವಾರವೆಂಬುದಿಲ್ಲ, ಹಬ್ಬವೆಂಬುದಿಲ್ಲ. ಭಾದ್ರಪದ ಮುಗಿಯುವ ಹೊತ್ತಿಗೆ ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಒಂದು ನೋವು ಬಂದು ಕುಳಿತಿತು. ಕಾಫಿಯ ಲೋಟ ಎತ್ತಿದರೂ ಚಳುಕು ಹೊಡೆಯುತ್ತಿತ್ತು.

ಡಾಕ್ಟರು ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿ, “ಮೇಷ್ಟ್ರೇ, ಮೂಳೆಗೆ ಸ್ನಾಯುವನ್ನು ಬಿಗಿಯುವ ಹುರಿ ಊದಿಕೊಂಡಿದೆ. ಔಷಧಿಗಿಂತ ವಿಶ್ರಾಂತಿ ಮುಖ್ಯ. ಮೂರು ವಾರ ಅದನ್ನು ಮುಟ್ಟಬೇಡಿ,” ಎಂದರು. ನಾನು ತಲೆಯಾಡಿಸಿ ಬಂದೆ. ಮರುದಿನ ಬೆಳಗ್ಗೆ ಐದೂವರೆಗೆ ಮತ್ತೆ ಅದೇ ಕೋಣೆ, ಅದೇ ಮುಚ್ಚಿದ ಬಾಗಿಲು.

ಇದು ಬರಿಯ ಹಠವಾಗಿರಲಿಲ್ಲ, ಭಯ. ಆ ಭಯಕ್ಕೆ ಕಾರಣ ನಮ್ಮ ಮನೆಯ ಅಟ್ಟದ ಮೇಲಿತ್ತು. ನಮ್ಮ ತಂದೆಯವರು ಒಂದು ಕಾಲಕ್ಕೆ ಪಿಟೀಲು ಬಾರಿಸುತ್ತಿದ್ದರು. ಆಫೀಸಿನಿಂದ ಬಂದು ಕೈಕಾಲು ತೊಳೆದು ಅವರು ಶ್ರುತಿ ಮಾಡುತ್ತಿದ್ದ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ನಾನು ಎಂಟು ವರ್ಷದವನಾಗಿದ್ದಾಗ ಅಕ್ಕನ ಮದುವೆ ಗೊತ್ತಾಯಿತು. ಮನೆಯ ತುಂಬ ನೆಂಟರು. ಮಕ್ಕಳ ಕೈಗೆ ಸಿಕ್ಕೀತೆಂದು ಪಿಟೀಲು ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಇಳಿಯಲಿಲ್ಲ. ಮೂರು ವಾರ ಬಿಟ್ಟವನು ಮೂವತ್ತು ವರ್ಷ ಬಿಟ್ಟಾನು. ವೈದ್ಯಶಾಸ್ತ್ರಕ್ಕೆ ಇದು ತಿಳಿಯದು.

ಪುಸ್ತಕ ಓದುವ ಜಾತಿಯವನಾದ್ದರಿಂದ ಪುಸ್ತಕಗಳನ್ನು ಹುಡುಕಿದೆ. ಅಲ್ಲಿ ಸಮಾಧಾನವೂ ಸಿಕ್ಕಿತು, ಹೆದರಿಕೆಯೂ ಸಿಕ್ಕಿತು. ಜರ್ಮನಿಯ ಶೂಮನ್ ಹರೆಯದಲ್ಲಿ ದೊಡ್ಡ ಪಿಯಾನೋ ವಾದಕನಾಗಬೇಕೆಂದು ಹೊರಟವನು. 1832ರ ಸುಮಾರಿಗೆ ಬಲಗೈ ಕೆಟ್ಟಿತು, ವಾದಕನಾಗುವ ಆಸೆ ಅಲ್ಲಿಗೇ ಮುಗಿಯಿತು. ಅತಿಯಾದ ಅಭ್ಯಾಸವೇ ಕಾರಣವೆನ್ನುವವರುಂಟು, ಬೇರೆ ಕಾರಣ ಹೇಳುವವರೂ ಉಂಟು. ಅವನೇನೋ ಸ್ವರ ಬರೆದು ಪ್ರಸಿದ್ಧನಾದ. ನಾನು ಕೈ ಕೆಡಿಸಿಕೊಂಡರೆ ಕರಿಹಲಗೆಯ ಮೇಲೆ ಬರೆಯುವುದಷ್ಟೆ ಉಳಿದೀತು. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ದಿನಚರಿಯ ಲೆಕ್ಕವಿದೆ: ಅವರಲ್ಲಿ ಉತ್ತಮರಾದವರು ಹೆಚ್ಚು ಸಾಧನೆ ಮಾಡುವವರು ಹೌದು; ಜೊತೆಗೆ ನಡುನಡುವೆ ಬಿಡುವು ಕೊಟ್ಟು, ಮಧ್ಯಾಹ್ನ ಒಂದು ನಿದ್ದೆಯನ್ನೂ ತೆಗೆಯುವವರು. ಇದಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು 2019ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ. ಜನರನ್ನು ಕೂರಿಸಿ, ಎಡಗೈ ಬೆರಳುಗಳಿಂದ ಒಂದೇ ಕ್ರಮದಲ್ಲಿ ಕೀಲಿಗಳನ್ನು 10 ಸೆಕೆಂಡು ಒತ್ತಿಸಿ, 10 ಸೆಕೆಂಡು ಸುಮ್ಮನಿರಿಸಿದರು. ಹೀಗೆಯೇ ಮತ್ತೆ ಮತ್ತೆ. ಆರಂಭದಲ್ಲಿ ಬೆರಳಿನ ವೇಗ ಹೆಚ್ಚಿದ್ದು ಒತ್ತುತ್ತಿದ್ದಾಗ ಅಲ್ಲವಂತೆ, ಸುಮ್ಮನಿದ್ದಾಗಲಂತೆ!

ಇಷ್ಟೆಲ್ಲ ತಿಳಿದೂ ನಾನು ಕದ್ದು ನುಡಿಸುವುದನ್ನು ಬಿಡಲಿಲ್ಲ. ಕೊನೆಗೆ ನನ್ನನ್ನು ತಡೆದದ್ದು ನವರಾತ್ರಿ. ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ ಸರಸ್ವತಿಯನ್ನು ಆವಾಹನೆ ಮಾಡುವುದು ನಮ್ಮ ಮನೆಯ ಪದ್ಧತಿ. ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಕುಮಾರವ್ಯಾಸನ ಪಕ್ಕದಲ್ಲಿ ಗಿಟಾರು ಕುಂಕುಮವಿಟ್ಟುಕೊಂಡು ಕುಳಿತಿದೆ. “ಇನ್ನು ವಿಸರ್ಜನೆಯಾಗುವವರೆಗೆ ಮುಟ್ಟುವ ಹಾಗಿಲ್ಲ ರೀ,” ಎಂದಳು ನನ್ನಾಕೆ. ಡಾಕ್ಟರಿಗೆ ಎದುರಾಡಬಹುದು, ಅರಿಶಿನ ಕುಂಕುಮಕ್ಕೆ ಎದುರಾಡುವುದು ಹೇಗೆ?

ಆ ರಾತ್ರಿ ತಂದೆಯವರೊಡನೆ ಜಗಲಿಯಲ್ಲಿ ಕುಳಿತಿದ್ದಾಗ ನನ್ನ ಭಯವನ್ನು ಹೇಳಿಬಿಟ್ಟೆ. ಅವರ ಪಿಟೀಲಿನ ಮಾತನ್ನು ಅವರೆದುರಿಗೆ ಎತ್ತಿದ್ದು ಅದೇ ಮೊದಲು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ನಾನು ಬಿಡಬೇಕೆಂದು ಬಿಟ್ಟವನಲ್ಲ ಕಣೋ,” ಎಂದರು. “ಮದುವೆ ಮುಗಿಯಲಿ ಅಂದುಕೊಂಡೆ. ಮದುವೆ ಮುಗಿಯಿತು, ನಿಮ್ಮಕ್ಕನ ಬಾಣಂತನ ಬಂತು. ಆಮೇಲೆ ನಿಮ್ಮ ತಾತನ ಕಾಯಿಲೆ, ಆಮೇಲೆ ಈ ಮನೆ ಕಟ್ಟಿಸುವ ಗೋಜು. ಎಂದು ತೆಗೆಯುವುದೆಂದು ಗೊತ್ತುಮಾಡಿಕೊಳ್ಳಲಿಲ್ಲ. ಅನಧ್ಯಯನವೆಂದರೆ ಹಾಗಲ್ಲ. ಪಾಡ್ಯ ಬಂದರೆ ಬಿದಿಗೆ ಬಂದೇ ಬರುತ್ತದೆ.”

ಅನಧ್ಯಯನ! ಕನ್ನಡ ಎಂ.ಎ. ಮಾಡಿದ ನನಗೆ ಈ ಮಾತು ಹೊಳೆದಿರಲಿಲ್ಲ. ವೇದ ಕಲಿಯುವವರಿಗೆ ಪಕ್ಷಕ್ಕೆ ಇಂತಿಂಥ ದಿನ ಪಾಠವಿಲ್ಲ: ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ. ಪಾಡ್ಯದ ದಿನ ಓದಿದವನ ವಿದ್ಯೆ ಸೊರಗುತ್ತದೆಂಬ ನಂಬಿಕೆ ವಾಲ್ಮೀಕಿಯ ಕಾಲಕ್ಕೇ ಇತ್ತು. ಸುಂದರಕಾಂಡದಲ್ಲಿ ಸೀತೆಯ ಕೃಶತೆಗೆ ಹನುಮಂತ ಅದನ್ನೇ ಹೋಲಿಕೆಯಾಗಿ ಕೊಡುತ್ತಾನೆ. ವಿರಾಮವಿಲ್ಲದ ಓದಿಗೆ ಆ ಹಿರಿಯರು ಹಾಕಿದ ಬೇಲಿ ಅದು. ಮಳೆ ಗುಡುಗಿಗೂ ಪಾಠ ನಿಲ್ಲಿಸುತ್ತಿದ್ದರಂತೆ. ನಮ್ಮ ಕಾಲೇಜಿನ ಹುಡುಗರಿಗೆ ಇದನ್ನು ನಾನಿನ್ನೂ ಹೇಳಿಲ್ಲ.

ವಿಜಯದಶಮಿಯ ಬೆಳಗ್ಗೆ ಶಾಸ್ತ್ರಕ್ಕೆಂದು ಐದು ನಿಮಿಷ ನುಡಿಸಿ ಗಿಟಾರನ್ನು ಚೀಲಕ್ಕೆ ಹಾಕಿದೆ. ಕ್ಯಾಲೆಂಡರಿನಲ್ಲಿ ನರಕಚತುರ್ದಶಿಯ ಸುತ್ತ ಕೆಂಪು ಗೆರೆ ಎಳೆದೆ. ಮೊದಲ ವಾರ ಬೆಳಗಿನ ಐದೂವರೆಗೆ ತಾನಾಗಿ ಎಚ್ಚರವಾಗಿ, ಮಾಡಲು ಕೆಲಸವಿಲ್ಲದೆ ಹೆಂಡತಿಗೆ ಕಾಫಿ ಮಾಡಿಕೊಟ್ಟೆ. ಎರಡನೆಯ ವಾರ ಬೆರಳ ಜಡ್ಡು ಮೆತ್ತಗಾಗಿ ಸಿಪ್ಪೆ ಏಳತೊಡಗಿದಾಗ, ಸುಳ್ಳೇಕೆ ಹೇಳಲಿ, ಸಂಕಟವಾಯಿತು.

ನರಕಚತುರ್ದಶಿಯ ದಿನ ಎಣ್ಣೆನೀರು ಮುಗಿಸಿ ತೆಗೆದೆ. ಬೆರಳು ಮತ್ತೆ ಉರಿಯಿತು. ಕಲಿತಿದ್ದ ಒಂದು ಹಾಡಿನ ಎರಡನೆಯ ಭಾಗ ಪೂರ್ತಿ ಮರೆತಿತ್ತು. ನಾಲ್ಕು ದಿನಗಳಲ್ಲಿ ತಾನೇ ಹಿಂದಿರುಗಿತು. ‘ಎಫ್’ ಮಾತ್ರ ಮೊದಲ ಪ್ರಯತ್ನಕ್ಕೇ ಐದು ತಂತಿಗಳಲ್ಲಿ ನುಡಿಯಿತು. ಮೊದಲು ನಾನು ಬೇಕಾದ್ದಕ್ಕಿಂತ ಎರಡರಷ್ಟು ಬಲ ಹಾಕಿ ಹಿಚುಕುತ್ತಿದ್ದೆನೆಂಬುದು ಆಗ ಗೊತ್ತಾಯಿತು. ಆರನೆಯ ತಂತಿ ಇನ್ನೂ ಮುನಿಸಿಕೊಂಡೇ ಇದೆ.

ಈಗ ಒಂದು ಸಲಕ್ಕೆ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ವಾರಕ್ಕೊಂದು ದಿನ ರಜೆ. ಭಾನುವಾರವಿರಲೆಂದು ನಾನು, ಪಂಚಾಂಗ ನೋಡಿ ಪಾಡ್ಯ ಅಷ್ಟಮಿಗಳನ್ನು ಹಿಡಿ ಎಂದು ತಂದೆಯವರು. ಈ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ.

ಹೋದ ತಿಂಗಳು ಅವರೇ ಮೊಮ್ಮಗನನ್ನು ಅಟ್ಟಕ್ಕೆ ಹತ್ತಿಸಿ ಪೆಟ್ಟಿಗೆ ಇಳಿಸಿದರು. ಪಿಟೀಲು ನೆಟ್ಟಗಿದೆ, ಕಮಾನಿನ ಕೂದಲನ್ನು ಹುಳು ತಿಂದುಹಾಕಿತ್ತು. ಕಮಾನನ್ನು ದುರಸ್ತಿಗೆ ಕೊಟ್ಟು, ನಾಲ್ಕು ಹೊಸ ತಂತಿಗಳನ್ನು ತಂದುಕೊಟ್ಟೆ. ಎಂದಿನಿಂದ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಎದ್ದುಹೋಗಿ ಕ್ಯಾಲೆಂಡರಿನ ಮುಂದೆ ನಿಂತರು.