ದೊಡ್ಡಕ್ಷರದ ವೈ

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮಲ್ಲಿ ಗಾದೆ. ದಿನವಿಡೀ ಟರ್ಮಿನಲ್ ಮುಂದೆ ಕೂತು ಸಂಬಳ ತಗೊಳ್ಳೋ ನಮ್ಮಂಥವರು ಇದಕ್ಕೆ ಮೂರನೆಯದೊಂದು ಸೇರಿಸಿಕೊಳ್ಳಬೇಕು: ಎಂಟರ್ ಒತ್ತಿದರೆ ಹೋಯ್ತು. ಮೌಸಿನಲ್ಲಿ ಡಿಲೀಟ್ ಮಾಡಿದ್ದು ಕಸದ ಬುಟ್ಟಿಯಲ್ಲಾದರೂ ಬಿದ್ದಿರುತ್ತೆ, ಹೋಗಿ ಎತ್ತಿಕೊಂಡು ಬರಬಹುದು. ಕಮಾಂಡ್ ಲೈನಿನಲ್ಲಿ ಆ ಬುಟ್ಟಿ ಇಲ್ಲ. ನೀವು ಹೇಳಿದ್ದನ್ನ ಅದು ಕೇಳಿಸಿಕೊಳ್ಳುತ್ತೆ. ಹೇಳಬೇಕು ಅಂದುಕೊಂಡಿದ್ದನ್ನ ಕೇಳಿಸಿಕೊಳ್ಳಲ್ಲ.

ಒಂದೇ ಒಂದು ಸ್ಪೇಸ್ ಸಾಕು. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುವವರಿಗಾಗಿ ಬಂಬಲ್‌ಬೀ ಅನ್ನೋ ಲಿನಕ್ಸ್ ಸಾಫ್ಟ್‌ವೇರ್ ಒಂದಿತ್ತು. 2011ರಲ್ಲಿ ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ, ಯುಎಸ್‌ಆರ್ ಫೋಲ್ಡರಿನ ಆಳದಲ್ಲೆಲ್ಲೋ ಇದ್ದ ಒಂದು ಪುಟ್ಟ ಫೋಲ್ಡರನ್ನು ಅಳಿಸುವ ಸಾಲೊಂದಿತ್ತು. ಬರೆಯುವಾಗ ಯುಎಸ್‌ಆರ್ ಆದಮೇಲೆ ಕೈತಪ್ಪಿ ಒಂದು ಸ್ಪೇಸ್ ಬಿತ್ತು. ಅಳಿಸುವ ಕಮಾಂಡಿಗೆ ಸ್ಪೇಸ್ ಅಂದರೆ ಒಂದು ವಿಳಾಸ ಮುಗಿದು ಇನ್ನೊಂದು ಶುರುವಾಯ್ತು ಅಂತ ಅರ್ಥ. ಪುಟ್ಟ ಫೋಲ್ಡರ್ ಹೋಗಬೇಕಾದ ಕಡೆ, ಸಿಸ್ಟಮ್ಮಿನ ಬಹುಪಾಲು ಪ್ರೋಗ್ರಾಮುಗಳಿರುವ ಯುಎಸ್‌ಆರ್ ಫೋಲ್ಡರೇ ಪೂರ್ತಿ ಹೋಯ್ತು.

ಪ್ಯಾಕೇಜ್ ತೆಗೆಯೋ ವಿಷಯದಲ್ಲಿ ಇದು ಇನ್ನೂ ಮಜವಾಗಿರುತ್ತೆ. ಉಬುಂಟುವಿನಲ್ಲಿ ಸಾಫ್ಟ್‌ವೇರುಗಳು ಪ್ಯಾಕೇಜ್ ಅನ್ನೋ ಗಂಟುಗಳಾಗಿ ಬರುತ್ತವೆ, ಆಪ್ಟ್ ಅನ್ನೋ ಪ್ರೋಗ್ರಾಂ ಅವನ್ನ ತರುತ್ತೆ, ತೆಗೆಯುತ್ತೆ. ಒಂದೊಂದು ಗಂಟೂ ಇನ್ನೊಂದಷ್ಟನ್ನು ನಂಬಿಕೊಂಡಿರುತ್ತೆ. ನಮ್ಮೂರ ಹಳೇ ತೊಟ್ಟಿ ಮನೆ ನೆನಪಿಸಿಕೊಳ್ಳಿ. ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಜಂತೆ ಮೇಲೆ ಹೆಂಚು. ಕಂಬ ತೆಗಿ ಅಂತ ನೀವು ಹೇಳಿದರೆ ಆಪ್ಟ್ ಸುಮ್ಮನೆ ಕಂಬ ಎಳೆದು ಮನೆ ಬೀಳಿಸೋದಿಲ್ಲ. ಬಹಳ ಮರ್ಯಾದಸ್ಥ. ಹೆಂಚಿನಿಂದ ಶುರುಮಾಡಿ ಎಲ್ಲವನ್ನೂ ಒಂದೊಂದಾಗಿ, ಕ್ರಮವಾಗಿ ಇಳಿಸಿ, ಕೊನೆಗೆ ಕಂಬ ತೆಗೆದು, ನಿಮ್ಮ ಕೈಗೆ ಖಾಲಿ ಸೈಟು ಕೊಡುತ್ತೆ. ಇಷ್ಟು ಎಂಬಿ ಜಾಗ ಖಾಲಿಯಾಗುತ್ತೆ ಅಂತ ಮುಂಚೇನೇ ಒಂದು ಸಾಲು ಬೇರೆ ಹೇಳಿರುತ್ತೆ.

ಉಬುಂಟುವಿನಲ್ಲಿ ಪೈಥಾನ್3 ಅಂಥದ್ದೊಂದು ಕಂಬ. ನಮಗೆ ಅದು ಕೋಡ್ ಬರೆಯೋ ಭಾಷೆ. ಸಿಸ್ಟಮ್ಮಿಗೆ ಅದು ಅಪ್‌ಡೇಟ್ ಮ್ಯಾನೇಜರಿನಿಂದ ಹಿಡಿದು ಎಷ್ಟೋ ಕೆಲಸಗಳ ಆಧಾರ.

ನಮ್ಮ ಆಫೀಸು ಇರೋದು ಜೆ.ಪಿ. ನಗರದಲ್ಲಿ. ಅಲ್ಲಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ತೆಗೆದಿದ್ದು ಇದೇ ಕಂಬವನ್ನ. ಹಾವೇರಿ ಕಡೆಯವನು, ಬಿಟಿಎಂನಲ್ಲಿ ಪಿಜಿ, ಪ್ರೊಬೇಷನ್ ಮುಗಿಯೋಕೆ ಇನ್ನೂ ತಿಂಗಳುಗಳಿದ್ದವು. ಯಾವುದೋ ಪ್ರಾಜೆಕ್ಟಿಗೆ ಅಂತ ಪೈಥಾನ್ 3.9 ಅನ್ನು ಬೇರೆಯಾಗಿ ಹಾಕಿಕೊಂಡಿದ್ದ, ಕೆಲಸ ಮುಗೀತು, ತೆಗೆಯೋಣ ಅಂತ ಹೊರಟ. ಟೈಪ್ ಮಾಡುವಾಗ ಪೈಥಾನ್3 ಆದಮೇಲೆ ಚುಕ್ಕಿ ಒಂಬತ್ತು ಬಿಟ್ಟುಹೋಯ್ತು. ಪರದೆ ತುಂಬ ಹೆಸರುಗಳು ಬಂದವು. ಕೊನೆಗೆ ಮುಂದುವರೀಲಾ ಅಂತ ಪ್ರಶ್ನೆ. ಪಕ್ಕದಲ್ಲಿ ಎರಡು ಅಕ್ಷರ: ದೊಡ್ಡಕ್ಷರದ ವೈ, ಸಣ್ಣಕ್ಷರದ ಎನ್.

ಆ ದೊಡ್ಡಕ್ಷರಕ್ಕೆ ಒಂದು ಅರ್ಥವಿದೆ. ನೀವು ಏನೂ ಟೈಪ್ ಮಾಡದೆ ಬರೀ ಎಂಟರ್ ಒತ್ತಿದರೂ ಹೌದು ಅಂದ ಹಾಗೇ ಲೆಕ್ಕ. ಮೌನಂ ಸಮ್ಮತಿ ಲಕ್ಷಣಂ! ಬೇಡ ಅನ್ನೋರು ಮಾತ್ರ ಬಾಯಿಬಿಟ್ಟು ಹೇಳಬೇಕು.

ಅವನು ಎಂಟರ್ ಒತ್ತಿದ. ಇನ್ನೂರಕ್ಕೂ ಹೆಚ್ಚು ಪ್ಯಾಕೇಜು ಹೋದವು. ಅದರಲ್ಲಿ ಉಬುಂಟು-ಡೆಸ್ಕ್‌ಟಾಪ್ ಇತ್ತು, ಅವನು ಆ ಕಮಾಂಡ್ ಹೊಡೆದ ಟರ್ಮಿನಲ್ ಕೂಡ ಇತ್ತು. ರೀಸ್ಟಾರ್ಟ್ ಮಾಡಿದರೆ ಸರಿಹೋಗಬಹುದು ಅಂತ ರೀಸ್ಟಾರ್ಟ್ ಮಾಡಿದ. ಕಪ್ಪು ಪರದೆ, ಮೂಲೆಯಲ್ಲಿ ಲಾಗಿನ್ ಅನ್ನೋ ಒಂದು ಪದ, ಮಿಣಮಿಣ ಅನ್ನೋ ಗೆರೆ.

ಇದನ್ನ ಸರಿಮಾಡೋದು ನಿಜಕ್ಕೂ ಕಷ್ಟವಲ್ಲ. ಆಪ್ಟ್ ಬರೆದಿರೋದು ಸಿ ಪ್ಲಸ್ ಪ್ಲಸ್‌ನಲ್ಲಿ, ಪೈಥಾನ್ ಹೋದರೂ ಅದು ಬದುಕಿರುತ್ತೆ. (ಹಳೇ ಸೆಂಟ್‌ಒಎಸ್ 7ರಲ್ಲಿ ಇದೇ ಕೆಲಸಕ್ಕೆ ಇದ್ದ ಯಮ್ ಪೈಥಾನ್‌ನಲ್ಲೇ ಬರೆದದ್ದು. ಅಲ್ಲಿ ಪೈಥಾನ್ ಹೋದರೆ ತರೋಕೆ ಹೋಗಬೇಕಾದವನೂ ಹೋದ ಹಾಗೆ. ಹೆಸರೇ ಯಮ್, ಇನ್ನೇನು ಹೇಳೋಣ.) ಆಪ್ಟ್ ತಾನು ಮಾಡಿದ್ದನ್ನೆಲ್ಲ ಹಿಸ್ಟರಿ ಡಾಟ್ ಲಾಗ್ ಅನ್ನೋ ಫೈಲಿನಲ್ಲಿ ಬರೆದಿಡುತ್ತೆ: ಎಷ್ಟು ಹೊತ್ತಿಗೆ, ಯಾವ ಕಮಾಂಡು, ಏನೇನು ತೆಗೆದದ್ದು, ಎಲ್ಲ. ಕಪ್ಪು ಪರದೆಯಲ್ಲೇ ಲಾಗಿನ್ ಆಗಿ, ವೈಫೈ ಗೋಜಿಗೆ ಹೋಗದೆ ಕೇಬಲ್ ಚುಚ್ಚಿ, ಉಬುಂಟು-ಡೆಸ್ಕ್‌ಟಾಪ್ ವಾಪಸ್ ಹಾಕಿ, ಲಾಗ್ ನೋಡಿಕೊಂಡು ಉಳಿದಿದ್ದನ್ನ ಒಂದೊಂದಾಗಿ ಸೇರಿಸಿದರೆ ಆಯ್ತು. ಅವನ ಫೈಲುಗಳು ಹೋಮ್ ಫೋಲ್ಡರಿನಲ್ಲಿ ಹಾಗೇ ಇದ್ದವು, ಆಪ್ಟ್ ಅದರ ತಂಟೆಗೆ ಹೋಗಲ್ಲ. ನಾವಿಬ್ಬರು ಕೂತು ಮಾಡಿದ್ವಿ, ಮುಕ್ಕಾಲು ಗಂಟೆ ಹಿಡೀತು.

ಆದರೆ ಅದಕ್ಕೂ ಮುಂಚೆ ಎರಡು ಗಂಟೆ ಅವನು ಯಾರಿಗೂ ಹೇಳಿರಲಿಲ್ಲ. ಪರದೆ ಕಾಣದ ಹಾಗೆ ಲ್ಯಾಪ್‌ಟಾಪ್ ಅರ್ಧ ಮುಚ್ಚಿ, ಮೊಬೈಲಿನಲ್ಲಿ ಏನೇನೋ ಹುಡುಕುತ್ತಾ ಕೂತಿದ್ದ. ಊಟಕ್ಕೂ ಎದ್ದಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತಾಗ ಅವನು ಕೇಳಿದ ಮೊದಲ ಪ್ರಶ್ನೆ ಪ್ಯಾಕೇಜ್ ಬಗ್ಗೆ ಅಲ್ಲ.

"ಸರ್, ಕೆಲ್ಸ ಹೋಗತೈತೇನ್ರಿ?"

ಎಜುಕೇಷನ್ ಲೋನಿನ ಕಂತು ಶುರುವಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ಮೊದಲ ತಿಂಗಳ ಸಂಬಳದಲ್ಲಿ ಮನೆಗೊಂದು ಮಿಕ್ಸಿ ಕಳಿಸಿದ್ದನಂತೆ. ಹೋಗಲ್ಲ ಮಾರಾಯ ಅಂದೆ. ಅಷ್ಟೊಂದು ಹೆಸರು ಬಂತಲ್ಲ, ಓದಲಿಲ್ವಾ ಅಂತ ಕೇಳಿದೆ, ಬೈಯೋಕಲ್ಲ, ತಿಳ್ಕೊಳ್ಳೋಕೆ.

"ನೋಡಿದ್ನಿರಿ. ಭಾಳ ಇತ್ತು. ಕೇಳಾಕ್ಹತ್ತಿತ್ತಲ್ರಿ, ಹೂಂ ಅಂದ್ನಿ."

ಕೇಳ್ತಾ ಇತ್ತು, ಹೂಂ ಅಂದೆ. ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು.

ಮೊದಲು ಅನಿಸಿದ್ದು, ಇದು ಇಂಗ್ಲಿಷಿನ ತೊಂದರೆ ಅಂತ. ಕನ್ನಡ ಮೀಡಿಯಂನಿಂದ ಬಿಇಗೆ ಬಂದ ಹುಡುಗರಿದ್ದ ಕ್ಲಾಸು ಹೇಗಿರುತ್ತೆ ನಿಮಗೆ ಗೊತ್ತಿರಬಹುದು. ಬೋರ್ಡಿನ ಕಡೆಯಿಂದ "ಅಂಡರ್‌ಸ್ಟುಡ್?" ಅಂತ ಬಂದರೆ ಕೊನೇ ಬೆಂಚಿನಿಂದ ಒಕ್ಕೊರಲಿನ "ಎಸ್ ಸಾರ್". ಅರ್ಥವಾಗದವರದ್ದೇ ಜೋರು ದನಿ. ಆಪ್ಟ್‌ನ ಸಂದೇಶಗಳಿಗೆ ಯಾವ್ಯಾವ ಭಾಷೆಯಲ್ಲಿ ಅನುವಾದ ಇದೆ ಅಂತ ಹೋಗಿ ನೋಡಿದೆ. ಪಕ್ಕದ ಮರಾಠಿ ಇತ್ತು, ನೇಪಾಳಿ ಇತ್ತು, ಭೂತಾನಿನ ಜೊಂಖಾ ಕೂಡ ಇತ್ತು. ನಾನು ನೋಡಿದ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಸಿಕ್ಕಿತು ಕಾರಣ ಅಂದುಕೊಂಡೆ.

ಆದರೆ ಆ ಕಾರಣ ಜಾಸ್ತಿ ದಿನ ನಿಲ್ಲಲಿಲ್ಲ. ಲೈನಸ್ ಸೆಬಾಸ್ಟಿಯನ್ ಅಂತ ಕೆನಡಾದ ಯೂಟ್ಯೂಬರ್ ಇದ್ದಾನಲ್ಲ, ಕಂಪ್ಯೂಟರ್ ಬಗ್ಗೆ ವಿಡಿಯೋ ಮಾಡೋದೇ ಅವನ ವೃತ್ತಿ, ಇಂಗ್ಲಿಷಿನಲ್ಲೇ ಉಸಿರಾಡುವವನು. 2021ರ ನವೆಂಬರಿನಲ್ಲಿ ಬಂದ ಒಂದು ವಿಡಿಯೋದಲ್ಲಿ ಅವನು ಪಾಪ್ ಒಎಸ್ ಅನ್ನೋ ಲಿನಕ್ಸಿನಲ್ಲಿ ಸ್ಟೀಮ್ ಹಾಕೋಕೆ ಹೊರಟ. ಆಗ ಆ ಪ್ಯಾಕೇಜಿನ ಜೋಡಣೆಯಲ್ಲೇ ಏನೋ ಎಡವಟ್ಟಾಗಿತ್ತು, ಸ್ಟೀಮ್ ಬೇಕಂದ್ರೆ ಡೆಸ್ಕ್‌ಟಾಪ್ ತೆಗೀಬೇಕು ಅಂತ ಆಪ್ಟ್ ಲೆಕ್ಕ ಹಾಕಿತು. ಇಂಥ ಅತ್ಯಗತ್ಯದ ಪ್ಯಾಕೇಜ್ ತೆಗೆಯುವಾಗ ಬರೀ ವೈ ಸಾಲದು, "ಹೌದು, ನಾನು ಹೇಳಿದ ಹಾಗೆ ಮಾಡು!" ಅನ್ನೋ ಅರ್ಥದ ಇಡೀ ಇಂಗ್ಲಿಷ್ ವಾಕ್ಯವನ್ನ ಟೈಪ್ ಮಾಡಿಸುತ್ತಿತ್ತು. ಹಾನಿಯಾಗಬಹುದು ಅಂತ ಎಚ್ಚರಿಕೆಯೂ ಇತ್ತು. ಅವನು ಕ್ಯಾಮೆರಾ ಮುಂದೆ ಆ ವಾಕ್ಯವನ್ನ ಅಕ್ಷರ ಬಿಡದೆ ಟೈಪ್ ಮಾಡಿದ. ಡೆಸ್ಕ್‌ಟಾಪ್ ಹೋಯ್ತು.

ಹಾಗಾದ್ರೆ ಭಾಷೆ ಅಲ್ಲ. ನಮ್ಮಪ್ಪನ್ನೇ ತಗೊಳ್ಳಿ. ಅರಸೀಕೆರೆ ಕಡೆ ನಮ್ಮೂರು. ಬೆಳೆಸಾಲಕ್ಕೆ ಸಹಕಾರ ಸಂಘಕ್ಕೆ ಹೋದಾಗ ಗುಮಾಸ್ತರು ಹಾಳೆ ತಿರುವುತ್ತಾ "ಇಲ್ಲೊಂದು ಹಾಕಿ, ಇಲ್ಲೊಂದು" ಅಂತಿದ್ರು, ಅಪ್ಪ ಸಹಿ ಹಾಕ್ತಾ ಹೋಗ್ತಿದ್ರು. ಪೇಪರನ್ನ ಮೊದಲ ಪುಟದಿಂದ ಕೊನೇ ಪುಟದ ತನಕ ಓದೋ ಮನುಷ್ಯ, ಸಂಘದ ಕಾಗದ ಅಚ್ಚ ಕನ್ನಡದಲ್ಲಿತ್ತು. ಯಾಕೆ ಓದಲಿಲ್ಲ ಅಂತ ಬರ್ತಾ ಕೇಳಿದೆ. "ಓದ್ತಾ ಕೂತ್ರೆ ಅವರೇನಂದ್ಕತಾರೆ? ಹಿಂದೆ ಹತ್ತು ಜನ ನಿಂತವ್ರೆ" ಅಂದ್ರು.

ಅಲ್ಲೇ ಇದೆ ನೋಡಿ. ಹಿಂದೆ ಹತ್ತು ಜನ ನಿಂತವ್ರೆ. ಓದೋದು ಅಂದ್ರೆ ಅನುಮಾನ ಪಟ್ಟ ಹಾಗೆ, ಒಂದು ನಿಮಿಷ ಅಂದ್ರೆ ನಿಧಾನಸ್ಥ ಅನ್ನಿಸಿಕೊಂಡ ಹಾಗೆ. ಸಂಘದ ಕೌಂಟರಿನಲ್ಲಿ ಇರೋ ಆ ಸಾಲು ನಮ್ಮ ಆಫೀಸುಗಳಲ್ಲೂ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಬೆಳಗ್ಗೆ ಸ್ಟ್ಯಾಂಡ್‌ಅಪ್‌ನಲ್ಲಿ ನಿನ್ನೆ ಏನು ಮುಗಿಸಿದೆ ಅಂತ ಕೇಳ್ತಾರೆ. ನಿನ್ನೆ ಏನನ್ನ ಪೂರ್ತಿ ಓದಿದೆ ಅಂತ ಯಾರೂ ಕೇಳಿದ್ದು ನಾನು ಕಂಡಿಲ್ಲ. ಫೋನಿನ ಆ್ಯಪುಗಳು ದಿನಕ್ಕೆ ಹತ್ತು ಸಲ ಒಪ್ಪಿಗೆ ಕೇಳುತ್ತವೆ, ನಾವು ಹತ್ತು ಸಲವೂ ಒಪ್ಪಿಗೆ ಅಂತೀವಿ. ಒಪ್ಪದಿದ್ದರೆ ಕೆಲಸ ಮುಂದೆ ಹೋಗಲ್ಲ. ಹೂಂ ಅನ್ನೋದು ಉತ್ತರವಾಗಿ ಉಳಿದಿಲ್ಲ, ಬಾಗಿಲು ದೂಡೋ ಕೈಯಾಗಿಬಿಟ್ಟಿದೆ.

ಇದಕ್ಕೆ ಏನು ಮಾಡಬಹುದು ಅನ್ನೋದಕ್ಕೆ ನಮ್ಮ ಉದ್ಯಮದಲ್ಲೇ ಒಳ್ಳೇ ಉದಾಹರಣೆಗಳಿವೆ. 2017ರ ಫೆಬ್ರವರಿ 28ರಂದು ಅಮೆಜಾನಿನ ಎಸ್3 ಸೇವೆ ವರ್ಜೀನಿಯಾದಲ್ಲಿ ಸುಮಾರು ನಾಲ್ಕು ಗಂಟೆ ಕುಸಿದಿತ್ತು. ಬಿಲ್ಲಿಂಗಿಗೆ ಸಂಬಂಧಪಟ್ಟ ಒಂದು ನಿಧಾನವನ್ನ ಹುಡುಕುತ್ತಿದ್ದವರು ಕೆಲವೇ ಸರ್ವರುಗಳನ್ನ ತೆಗೆಯಲು ಹೊಡೆದ ಕಮಾಂಡಿನಲ್ಲಿ ಒಂದು ಇನ್‌ಪುಟ್ ತಪ್ಪಾಗಿತ್ತು, ಬೇಕಾಗಿದ್ದಕ್ಕಿಂತ ಬಹಳ ಹೆಚ್ಚು ಸರ್ವರುಗಳು ಹೋದವು. ಎಷ್ಟೋ ವೆಬ್‌ಸೈಟುಗಳು ನಿಂತವು. ಯಾವ ಸೇವೆ ನಿಂತಿದೆ ಅಂತ ತೋರಿಸೋ ಅವರದೇ ಪುಟ ಕೂಡ ಎಸ್3 ನಂಬಿಕೊಂಡಿದ್ದರಿಂದ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತಿತ್ತು! ಆಮೇಲೆ ಕಂಪನಿ ಹೊರಡಿಸಿದ ವಿವರಣೆಯಲ್ಲಿ ಆ ಕಮಾಂಡ್ ಹೊಡೆದವರ ಹೆಸರಿಲ್ಲ. ಇನ್ನುಮುಂದೆ ಆ ಟೂಲ್ ಸರ್ವರುಗಳನ್ನ ನಿಧಾನವಾಗಿ ತೆಗೆಯುತ್ತೆ, ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗೆ ಹೋಗಲು ಬಿಡಲ್ಲ ಅಂತಿದೆ. ಅದಕ್ಕೂ ನಾಲ್ಕು ವಾರ ಮುಂಚೆ, ಜನವರಿ 31ರಂದು, ಗಿಟ್‌ಲ್ಯಾಬಿನ ಎಂಜಿನಿಯರೊಬ್ಬರು ಬೇರೆ ಸರ್ವರ್ ಅಂದುಕೊಂಡು ಅಸಲಿ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದ್ದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅವರು ಮುಚ್ಚಿಡಲಿಲ್ಲ, ರಿಪೇರಿಯನ್ನ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು.

ಪಾಪ್ ಒಎಸ್ ಗಲಾಟೆ ಆದಾಗ "ಓದದೆ ಒತ್ತಿದ್ದು ಅವನದೇ ತಪ್ಪು" ಅಂದವರು ಬಹಳ ಜನ. ಆಪ್ಟ್ ಬರೆಯುವವರು ಅಷ್ಟಕ್ಕೇ ಬಿಡಲಿಲ್ಲ. ಅದೇ ನವೆಂಬರಿನಲ್ಲಿ ಬಂದ 2.3.12 ಆವೃತ್ತಿಯಲ್ಲಿ ಆ ವಾಕ್ಯ ಟೈಪ್ ಮಾಡಿ ದಾಟೋ ದಾರಿಯನ್ನೇ ಮುಚ್ಚಿದರು. ಅತ್ಯಗತ್ಯದ ಪ್ಯಾಕೇಜ್ ತೆಗೆಯಲೇಬೇಕು ಅಂದರೆ ಈಗ ಕಮಾಂಡ್ ಹೊಡೆಯುವಾಗಲೇ ಬೇರೊಂದು ಉದ್ದನೆಯ ಆಯ್ಕೆ ಸೇರಿಸಬೇಕು. ಕೈತಪ್ಪಿ ಆಗೋ ಕೆಲಸವಲ್ಲ ಅದು. ಆದರೆ ಪೈಥಾನ್3 ಆ ಅತ್ಯಗತ್ಯದ ಪಟ್ಟಿಯಲ್ಲಿಲ್ಲ, ಅದಕ್ಕೆ ಇವತ್ತಿಗೂ ಒಂದು ಎಂಟರ್ ಸಾಕು.

ಹಾಗಾಗಿ ನಮ್ಮ ಟೀಮಿನಲ್ಲಿ ನಾವೇ ಮೂರು ಅಭ್ಯಾಸ ಮಾಡಿಕೊಂಡಿದ್ದೀವಿ. ತೆಗೆಯೋ ಕಮಾಂಡಿಗೆ ಮೊದಲು ಹೈಫನ್ ಎಸ್ ಹಾಕಿ ಓಡಿಸೋದು. ಆಗ ಏನೇನು ಹೋಗುತ್ತೆ ಅಂತ ತೋರಿಸುತ್ತೆ, ಏನೂ ತೆಗೆಯಲ್ಲ. ಎರಡನೆಯದು, ಪಟ್ಟಿ ಪೂರ್ತಿ ಓದೋಕಾಗದಿದ್ದರೂ ಎಷ್ಟು ಪ್ಯಾಕೇಜ್ ಹೋಗ್ತಿದೆ ಅನ್ನೋ ಸಂಖ್ಯೆಯ ಸಾಲು ಓದೋದು. ಒಂದು ತೆಗೆಯೋಕೆ ಹೋಗಿ ಇನ್ನೂರು ಅಂದ್ರೆ ಎನ್ ಒತ್ತೋದು. ಮೂರನೆಯದನ್ನ ಆ ಹುಡುಗನೇ ಬರೆದ. ಹೊಸಬರಿಗೆ ಕೊಡೋ ಟಿಪ್ಪಣಿಯಲ್ಲಿ ನಡೆದಿದ್ದನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಬರೆದು, ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದ್ದಾನೆ: ಏನಾದ್ರೂ ಅಳಿಸಿಹೋದ್ರೆ ಎರಡು ನಿಮಿಷದಲ್ಲಿ ಯಾರಿಗಾದ್ರೂ ಹೇಳಿ, ಎರಡು ಗಂಟೆ ಕಾಯಬೇಡಿ.

ಅವನ ಪ್ರೊಬೇಷನ್ ಮುಗಿದು ಈಗ ಕಾಯಂ ಆಗಿದೆ. ಹೋದ ವಾರ ಹೊಸ ಹುಡುಗಿಯೊಬ್ಬಳು ಅವನ ಸೀಟಿನ ಹತ್ತಿರ ಬಂದು, "ಒಂದ್ನಿಮಿಷ ಬರ್ತೀರಾ, ಇದು ನಲವತ್ತು ತೆಗೀತೀನಿ ಅಂತಿದೆ" ಅಂದಳು. ಮೀಟಿಂಗಿಗೆ ಹೊರಟಿದ್ದವನು ಲ್ಯಾಪ್‌ಟಾಪ್ ಕೆಳಗಿಟ್ಟು, "ಮುಟ್ಟಬ್ಯಾಡ್ರಿ, ಬಂದೆ" ಅಂತ ಎದ್ದು ಹೋದ.