ನಾಗವಾರದ ಕೆರೆಯ ದಂಡೆ

ಹೆಬ್ಬಾಳದಿಂದ ಹೊರವರ್ತುಲ ರಸ್ತೆಯನ್ನು ಹಿಡಿದು ಪೂರ್ವಾಭಿಮುಖವಾಗಿ ಹೊರಟವರಿಗೆ ಅನತಿದೂರದಲ್ಲಿಯೇ ನಾಗವಾರದ ಕೆರೆಯು ಗೋಚರಿಸುವುದು. ಇದರ ದಂಡೆಯಲ್ಲಿ ಈ ಶತಮಾನದ ಆರಂಭಕಾಲದಲ್ಲಿ ಲುಂಬಿನಿ ಗಾರ್ಡನ್ಸ್ ಎಂಬ ವಿಹಾರಸ್ಥಾನವು ಏರ್ಪಟ್ಟಿತು. ದೋಣಿಗಳು, ಅಲೆಗಳೇಳುವ ಕೃತಕ ಕೊಳ, ಬಾಲಕರ ಆಟಗಳು ಇವೆಲ್ಲವೂ ಟಿಕೆಟ್ಟು ಕೊಂಡವರಿಗೆ ದೊರೆಯುತ್ತಿದ್ದುವು. ಹೆಬ್ಬಾಳ, ಅಗರ ಕೆರೆಗಳಂತೆ ಇದನ್ನೂ ಕೆರೆ ಅಭಿವೃದ್ಧಿ ಪ್ರಾಧಿಕಾರವು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿದ್ದಿತು. ಆ ಪದ್ಧತಿಯನ್ನು ಪ್ರಶ್ನಿಸಿ 2008ರಲ್ಲಿ ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತದ ಅರ್ಜಿಯು ಹೋಯಿತು.

ನಮ್ಮ ಪೂರ್ವಿಕರು ತಟಾಕನಿರ್ಮಾಣವನ್ನು ಸಪ್ತಸಂತಾನಗಳಲ್ಲಿ ಒಂದೆಂದೆಣಿಸಿ, ಪುತ್ರನ ಸಾಲಿನಲ್ಲಿಯೇ ಇರಿಸಿದರು. ಮಗನ ಮುಖವನ್ನು ನೋಡುವುದಕ್ಕೆ ಹಣ ತೆರುವವರುಂಟೆ?

ರಜೆಯ ದಿನದ ವಿನೋದಕ್ಕೆಂದು ಕಟ್ಟಿದ ಸ್ಥಳವು ಮಳೆಗಾಲದಲ್ಲಿಯೂ ಮಕ್ಕಳ ಪರೀಕ್ಷೆಯ ದಿನಗಳಲ್ಲಿಯೂ ಬರಿದಾಗುವುದು ಸಹಜ. ಅದು ಹನ್ನೆರಡು ತಿಂಗಳೂ ಸಲ್ಲುವ ಉದ್ಯಾನವಾಗಬೇಕಾದರೆ ಹೊಸ ಯಂತ್ರಗಳು ಬೇಕಿಲ್ಲ. ಹೊಂಗೆ ನೇರಳೆಗಳ ನೆರಳು, ಮಳೆ ಬಂದರೆ ನಿಲ್ಲಲೊಂದು ಮಂಟಪ, ವೃದ್ಧರು ಎಡವದಂತಹ ಕಾಲುದಾರಿ, ತೆರೆದ ಬಾಗಿಲು, ಇಷ್ಟು ಸಾಕು. ಆದರೆ ನೀರು ನಾರಿದರೆ ಇವೆಲ್ಲವೂ ವ್ಯರ್ಥ.

ಉತ್ತರದಲ್ಲಿರುವ ಜಕ್ಕೂರಿನ ಕೆರೆಯನ್ನು ನೋಡಿರಿ. ದಿನಕ್ಕೆ 1 ಕೋಟಿ ಲೀಟರು ಕೊಳಚೆ ನೀರನ್ನು ಶುದ್ಧಿಮಾಡುವ ಸಾಮರ್ಥ್ಯದೊಡನೆ ಅಲ್ಲಿ ಒಂದು ಸ್ಥಾವರವು ನಿರ್ಮಿತವಾಯಿತು. ಅದರಿಂದ ಹೊರಟ ನೀರು ಜೊಂಡು ಬೆಳೆದ ಜೌಗುನೆಲದಲ್ಲಿ ನಿಧಾನವಾಗಿ ಹರಿದು, ಬೇರುಗಳಲ್ಲಿ ಶೋಧಿತವಾಗಿ ಕೆರೆಯನ್ನು ಸೇರುವಂತೆ ಏರ್ಪಾಡಾಗಿದೆ. ನಾಗವಾರದಲ್ಲಿಯೂ ಮೊದಲು ಆಗಬೇಕಾದುದು ಇದು. ದೋಣಿಗಳ ಮಾತು ಆಮೇಲಿನದು. ಜಕ್ಕೂರಿನ ದಂಡೆಯಲ್ಲಿ ನಡೆದಾಡುವವರ ಪಕ್ಕದಲ್ಲಿಯೇ ಬೆಸ್ತರು ಬಲೆ ಬೀಸುವರು. ಮಕ್ಕಳು ನಿಂತು ನೋಡುವರು.